ಟೀಚರ್‌ಗೊಂದು ಪ್ರಶ್ನೆ: ನೀರೊಳಗಿನ ಕೊಡಕ್ಕೆ ಭಾರ ಯಾಕಿಲ್ಲ?

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ನೀರಿನ ಬಗ್ಗೆಯೇ ಇವೆ. ನಾಲೆಗೆ ನೀರು ಬಿಟ್ಟಿದ್ದಾರೆ, ಕಾವೇರಿ ತುಂಬಿ ಹರಿಯುತ್ತಿದ್ದಾಳೆ, ಪ್ರಶ್ನೆಗಳೂ ಅತ್ತಲೇ ಹರಿದಿವೆ. ಹಾಗಾಗಿ ತೇಲುವ, ಮುಳುಗುವ ಪ್ರಶ್ನೆಗಳನ್ನಷ್ಟೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೂವತ್ತೊಂದು ವರ್ಷ ಶ್ರೀರಂಗಪಟ್ಟಣ ತಾಲೂಕಿನ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಈ ಪಾಠದ ದಿನ ಸೀಮೆಸುಣ್ಣಕ್ಕಿಂತ ಮೊದಲು ಬಕೆಟ್ ತರಿಸುತ್ತಿದ್ದೆ. ಈಗಲೂ ಮೈಸೂರಿನ ಮನೆ ಹಿತ್ತಿಲಲ್ಲಿ ತುಂಬಿದ ಬಕೆಟ್ ಪಕ್ಕದಲ್ಲಿಟ್ಟುಕೊಂಡೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಮಿಸ್, ಸಣ್ಣ ಮೊಳೆ ನೀರಿಗೆ ಹಾಕಿದ ಕೂಡಲೇ ಮುಳುಗುತ್ತೆ. ಸಾವಿರಾರು ಟನ್ ಕಬ್ಬಿಣದ ಹಡಗು ತೇಲುತ್ತೆ. ಆರ್ಕಿಮಿಡಿಸ್ ತತ್ವ ಬಾಯಿಪಾಠ ಮಾಡಿದ್ದೀನಿ, ಪರೀಕ್ಷೆಯಲ್ಲಿ ಬರೆದೂ ಬಂದೆ. ಆದರೆ ಅರ್ಥ ಆಗಿಲ್ಲ.
(ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಪಾಂಡವಪುರ ತಾಲೂಕು)

ಉತ್ತರ: ಬಾಯಿಪಾಠ ಆಗಿದೆ, ಅರ್ಥ ಆಗಿಲ್ಲ ಅಂತ ಬರೆದಿದ್ದೀಯಲ್ಲ ಮಗೂ, ಆ ಒಂದು ಮಾತಿಗೇ ನಿನ್ನ ಕಾಗದವನ್ನು ಮೊದಲು ಎತ್ತಿಕೊಂಡೆ. ತತ್ವವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಬಾವಿ ಕಟ್ಟೆಗೆ ಬಾ.

ನನ್ನ ತವರು ನಾಗಮಂಗಲದ ಕಡೆ. ಆಗ ಅದು ನಾಲೆ ಕಾಣದ ಸೀಮೆ, ಬಾವಿಗಳು ಆಳ. ಹತ್ತು ವರ್ಷದವಳಿದ್ದಾಗಿನಿಂದ ನಾನು ನೀರು ಸೇದಿದ್ದೇನೆ. ಹಿತ್ತಾಳೆ ಕೊಡ ಕೆಳಗಿಳಿದು ಒಂದು ಪಕ್ಕಕ್ಕೆ ವಾಲುತ್ತದೆ. ಗುಳುಗುಳು ಅಂತ ಸದ್ದು ಮಾಡಿ ತುಂಬಿಕೊಂಡು ಮುಳುಗುತ್ತದೆ. ಆಗ ಹಗ್ಗ ಎಳೆದು ನೋಡು. ಕೊಡ ಸಲೀಸಾಗಿ ಮೇಲೆ ಬರುತ್ತದೆ. ಹಿತ್ತಾಳೆಯ ಭಾರವಷ್ಟೇ ಕೈಗೆ ಗೊತ್ತಾಗುತ್ತದೆ. ಒಳಗಿರುವ ಹನ್ನೆರಡು ಲೀಟರ್ ನೀರಿನ ಭಾರ ಗೊತ್ತೇ ಆಗುವುದಿಲ್ಲ. ಆಮೇಲೆ ಕೊಡದ ಬಾಯಿ ನೀರಿನಿಂದ ಮೇಲೆ ಬಂತು, ಕತ್ತು ಬಂತು, ಹೊಟ್ಟೆ ಬಂತು. ಒಂದೊಂದು ಬೆರಳು ಮೇಲೆ ಬಂದ ಹಾಗೂ ಹಗ್ಗ ಬಿಗಿಯುತ್ತಾ ಹೋಗುತ್ತದೆ. ತಳ ನೀರು ಬಿಟ್ಟಿತೋ, ರಾಟೆ ಕಿರ್ ಅನ್ನುತ್ತದೆ, ಅಂಗೈ ಉರಿಯುತ್ತದೆ, ಕಾಲೂರಿ ನಿಲ್ಲಬೇಕಾಗುತ್ತದೆ. ಅದೇ ಕೊಡ, ಅದೇ ನೀರು. ಇಷ್ಟು ಹೊತ್ತು ಆ ಹನ್ನೆರಡು ಕೆ.ಜಿ.ಯನ್ನು ಯಾರು ಹೊತ್ತಿದ್ದರು?

ಸುತ್ತಲಿನ ನೀರು ಹೊತ್ತಿತ್ತು. ಬಾವಿಯಲ್ಲಿ ನಿಂತಿರುವ ನೀರಿನ ಯಾವುದೇ ಒಂದು ಕೊಡದಷ್ಟು ಭಾಗವನ್ನು ಮನಸ್ಸಿನಲ್ಲೇ ಗೆರೆ ಎಳೆದು ಬೇರೆ ಮಾಡಿ ನೋಡು. ಅದು ಕೆಳಗೆ ಬೀಳುತ್ತಿಲ್ಲ, ಮೇಲೆ ಏಳುತ್ತಿಲ್ಲ, ಇದ್ದಲ್ಲೇ ಇದೆ. ಅದಕ್ಕೂ ತೂಕ ಇದೆಯಲ್ವಾ? ಅಂದ ಮೇಲೆ ಸುತ್ತಲಿನ ನೀರು ಅದನ್ನು ಸರಿಯಾಗಿ ಅದರ ತೂಕದಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತಿರಬೇಕು. ಆಳಕ್ಕೆ ಹೋದಷ್ಟೂ ನೀರಿನ ಒತ್ತಡ ಜಾಸ್ತಿ. ಅದಕ್ಕೇ ತಳದಿಂದ ಮೇಲಕ್ಕೆ ಒತ್ತುವುದು ನೆತ್ತಿಯಿಂದ ಕೆಳಕ್ಕೆ ಒತ್ತುವುದಕ್ಕಿಂತ ಹೆಚ್ಚಿರುತ್ತದೆ. ಆ ಹೆಚ್ಚುವರಿಯೇ ಈ ಬಲ.

ಈಗ ಆ ಕೊಡದಷ್ಟು ನೀರನ್ನು ತೆಗೆದು, ಅದೇ ಜಾಗದಲ್ಲಿ ಅದೇ ಆಕಾರದ ಬೇರೆ ಏನನ್ನಾದರೂ ಇಡು. ಕಲ್ಲು, ಮರ, ಬೆಣ್ಣೆ, ಏನಾದರೂ ಸರಿ. ಸುತ್ತಲಿನ ನೀರಿಗೆ ಒಳಗಿರುವುದು ಏನು ಅಂತ ಗೊತ್ತಾಗುವುದಿಲ್ಲ. ಅದು ಮೊದಲು ಎಷ್ಟು ಒತ್ತುತ್ತಿತ್ತೋ ಅಷ್ಟೇ ಒತ್ತುತ್ತದೆ. ಇಟ್ಟ ವಸ್ತು ತಾನು ಹಿಡಿದ ಜಾಗದ ನೀರಿಗಿಂತ ಭಾರವಿದ್ದರೆ ಮುಳುಗುತ್ತದೆ, ಹಗುರವಿದ್ದರೆ ಮೇಲೇಳುತ್ತದೆ. ಸಿಸಿಲಿ ದ್ವೀಪದ ಸಿರಾಕ್ಯೂಸ್ ಪಟ್ಟಣದಲ್ಲಿ ಆರ್ಕಿಮಿಡಿಸ್ 2200 ವರ್ಷಗಳ ಹಿಂದೆಯೇ ಇದನ್ನು ಬರೆದಿಟ್ಟ. ನೀನು ಬಾಯಿಪಾಠ ಮಾಡಿದ ಸಾಲನ್ನು ಈಗ ಇನ್ನೊಮ್ಮೆ ಓದು: ನೀರಿಗೆ ಇಳಿದ ವಸ್ತುವನ್ನು, ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟೇ ಬಲ ಮೇಲಕ್ಕೆ ಒತ್ತುತ್ತದೆ.

ಮೊಳೆ, ಹಡಗಿಗೆ ಬರೋಣ. ಅಡುಗೆಮನೆಯಿಂದ ಸ್ಟೀಲ್ ಡಬರಿ ತಂದಿದ್ದೇನೆ. ತೂಕ 200 ಗ್ರಾಂ. ಒಳಗೆ ಒಂದು ಲೀಟರ್ ಹಿಡಿಸುತ್ತದೆ. ಬಕೆಟ್ ನೀರಿನ ಮೇಲೆ ಮೆಲ್ಲಗೆ ಇಟ್ಟೆ. ಸ್ವಲ್ಪ ಇಳಿಯಿತು, ನಿಂತಿತು. ಎಷ್ಟು ಇಳಿಯಿತು? ಸರಿಯಾಗಿ 200 ಮಿ.ಲೀ. ನೀರನ್ನು ಪಕ್ಕಕ್ಕೆ ಸರಿಸುವಷ್ಟು. ಅಷ್ಟು ನೀರಿನ ತೂಕ 200 ಗ್ರಾಂ. ಲೆಕ್ಕ ಚುಕ್ತಾ. ಡಬರಿಗೆ ಒಂದೊಂದೇ ಹಿಡಿ ಮರಳು ಹಾಕುತ್ತಾ ಹೋದರೆ ಇಳಿಯುತ್ತಾ ಹೋಗುತ್ತದೆ. ಸುಮಾರು 800 ಗ್ರಾಂ ತನಕ ತಡೆದುಕೊಳ್ಳುತ್ತದೆ. ಅಂಚಿನ ಮೇಲೆ ನೀರು ನುಗ್ಗಿದರೆ ಮಾತ್ರ ಗುಳುಂ. ಈಗ ಅದೇ ಡಬರಿಯನ್ನು ಕರಗಿಸಿ ಉಂಡೆ ಮಾಡಿದ್ದೇವೆ ಅಂದುಕೋ. ಸ್ಟೀಲು ನೀರಿಗಿಂತ ಹೆಚ್ಚುಕಡಿಮೆ ಎಂಟು ಪಟ್ಟು ಭಾರದ್ದು. ಹಾಗಾಗಿ 200 ಗ್ರಾಂ ಉಂಡೆ ಹಿಡಿಯುವುದು ಬರೀ 25 ಮಿ.ಲೀ. ಜಾಗ. ಅದಕ್ಕೆ ಸಿಗುವ ಆಸರೆಯೂ 25 ಗ್ರಾಂನಷ್ಟೇ. ಉಳಿದ 175 ಗ್ರಾಂ ಅದನ್ನು ತಳಕ್ಕೆ ಎಳೆಯುತ್ತದೆ. ಮೊಳೆ ಅಂದರೆ ಉಂಡೆ, ಹಡಗು ಅಂದರೆ ಡಬರಿ. ಹಡಗಿನ ಹೊಟ್ಟೆಯ ತುಂಬ ಇರುವುದು ಗಾಳಿ. ಕಬ್ಬಿಣ ಅದರ ಚಿಪ್ಪು ಮಾತ್ರ.

ಮುಂದಿನ ಸಲ ಶ್ರೀರಂಗಪಟ್ಟಣಕ್ಕೋ ತಲಕಾಡಿಗೋ ಹೋದಾಗ ತೆಪ್ಪವನ್ನು ಗಮನಿಸು. ಹರಿಗೋಲು ಅಂತಲೂ ಅನ್ನುತ್ತಾರೆ. ಬಿದಿರಿನ ದಬ್ಬೆ ಹೆಣೆದ ದೊಡ್ಡ ಬುಟ್ಟಿ ಅದು. ಹಿಂದೆ ಹೊರಗಡೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುತ್ತಾರೆ. ಎರಡು ಮೀಟರ್ ಅಗಲದ ತೆಪ್ಪ ಅಂತಿಟ್ಟುಕೋ. ಅದು ಒಂದು ಸೆಂಟಿಮೀಟರ್ ಇಳಿದರೆ ಸುಮಾರು 31 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ. ಅಂದರೆ 31 ಕೆ.ಜಿ. ಭಾರ ಹೊರುವುದಕ್ಕೆ ಒಂದು ಸೆಂಟಿಮೀಟರ್ ಇಳಿದರೆ ಸಾಕು. ನಿನ್ನ ಅಪ್ಪ, ಅಮ್ಮ ಇಬ್ಬರೂ ಹತ್ತಿ ಕೂತರೆ ನಾಲ್ಕು ಸೆಂಟಿಮೀಟರ್ ಇಳಿದೀತು. ತೆಪ್ಪದವರು ಯಾಕೆ ಅಷ್ಟು ಅಗಲವಾಗಿ ಹೆಣೆಯುತ್ತಾರೆ ಅಂತ ಗೊತ್ತಾಯಿತಾ? ಅವರು ಕಾಗದದ ಮೇಲೆ ಲೆಕ್ಕ ಹಾಕಿದವರಲ್ಲ. ಅಂಚಿಗೂ ನೀರಿಗೂ ಎಷ್ಟು ಬೆರಳು ಉಳಿದಿದೆ ಅಂತ ನೋಡಿಯೇ, ‘ಇನ್ನೊಬ್ಬರು ಬನ್ನಿ’ ಅಥವಾ ‘ಸಾಕು, ಮುಂದಿನದಕ್ಕೆ ಬನ್ನಿ’ ಅನ್ನುತ್ತಾರೆ. ಸಾಕು ಅಂದಾಗ ಅವರ ಜೊತೆ ವಾದ ಮಾಡಬೇಡಿ.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಕ್ಕಳ ಕೈಯಲ್ಲಿದ್ದ ಒಂದು ಗೈಡಿನಲ್ಲಿ ‘ಭಾರವಾದ ವಸ್ತುಗಳು ಮುಳುಗುತ್ತವೆ, ಹಗುರವಾದವು ತೇಲುತ್ತವೆ’ ಅಂತ ಅಚ್ಚಾಗಿತ್ತು. ಒಬ್ಬ ಹುಡುಗ ಉತ್ತರ ಪತ್ರಿಕೆಯಲ್ಲಿ, ‘ಇದು ತಪ್ಪು, ನಮ್ಮೂರ ಹೊಳೆಯಲ್ಲಿ ನಾಲ್ಕು ಜನ ಎತ್ತಲಾಗದ ದಿಮ್ಮಿ ತೇಲಿಕೊಂಡು ಹೋಯಿತು, ನನ್ನ ಕಿಸೆಯಲ್ಲಿದ್ದ ಗೋಲಿ ಮುಳುಗಿತು’ ಅಂತ ಬರೆದಿದ್ದ. ಮೌಲ್ಯಮಾಪನ ಮಾಡಿದವರು ಸೊನ್ನೆ ಹಾಕಿದ್ದರು. ಆ ಸೊನ್ನೆ ನನಗೆ ಇವತ್ತಿಗೂ ನೋವು ಕೊಡುತ್ತದೆ. ಕಣ್ಣಾರೆ ಕಂಡದ್ದನ್ನು ಬರೆದ ಹುಡುಗ ಅವನು. ನೀನೂ ಕಂಡದ್ದನ್ನು ಬರಿ ಮಗೂ.

ಪ್ರಶ್ನೆ: ಮದ್ದೂರು ವಡೆ ಎಣ್ಣೆಗೆ ಬಿಟ್ಟ ಕೂಡಲೇ ತಳ ಸೇರುತ್ತೆ, ಆಮೇಲೆ ತಾನಾಗಿಯೇ ಮೇಲೆ ಬರುತ್ತೆ. ಕೆಲವು ಸಲ ತಳದಲ್ಲೇ ಕೂತು ಎಣ್ಣೆ ಕುಡಿದುಬಿಡುತ್ತೆ. ಹಿಟ್ಟಿನ ತಪ್ಪಾ, ಎಣ್ಣೆಯದಾ?
(ಗೃಹಿಣಿ, ಕುವೆಂಪುನಗರ, ಮೈಸೂರು)

ಉತ್ತರ: ಬಹುತೇಕ ಉರಿಯ ತಪ್ಪು ತಂಗಿ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗಿದರೆ ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 920 ಗ್ರಾಂ ತೂಗುತ್ತದೆ. ಕಾದ ಎಣ್ಣೆ ಹಿಗ್ಗಿ ಇನ್ನೂ ಹಗುರವಾಗುತ್ತದೆ. ಕರಿಯುವ ಹದಕ್ಕೆ ಬಂದಾಗ ಲೀಟರಿಗೆ 820 ಗ್ರಾಂ ಆಸುಪಾಸು. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿ ಕಲಸಿ ತಟ್ಟಿದ ವಡೆ ನೀರಿಗಿಂತಲೂ ಭಾರದ್ದು. ಎಣ್ಣೆಯಲ್ಲಿ ಮುಳುಗದೆ ಇನ್ನೇನು ಮಾಡೀತು?

ಮುಳುಗಿದ ಮೇಲೆ ನಡೆಯುವುದೇ ಸ್ವಾರಸ್ಯ. ಹಿಟ್ಟಿನೊಳಗಿನ ನೀರು ಆವಿಯಾಗುತ್ತದೆ. ನೀರು ಆವಿಯಾದರೆ 1600 ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಬಹುಪಾಲು ಗುಳ್ಳೆ ಗುಳ್ಳೆಯಾಗಿ ಹೊರಗೆ ಹೋಗುತ್ತದೆ, ಒಂದಷ್ಟು ಒಳಗೇ ಸಿಕ್ಕಿಕೊಂಡು ವಡೆಯನ್ನು ಉಬ್ಬಿಸುತ್ತದೆ. ತೂಕ ಕಡಿಮೆಯಾಯಿತು, ಗಾತ್ರ ಹೆಚ್ಚಿತು. ವಡೆ ಮೇಲೆ ಬಂತು. ಎಣ್ಣೆ ಸರಿಯಾಗಿ ಕಾದಿಲ್ಲದಿದ್ದರೆ ಆವಿ ಜೋರಾಗಿ ಏಳುವುದಿಲ್ಲ. ವಡೆ ತಳದಲ್ಲೇ ಉಳಿಯುತ್ತದೆ, ಎಣ್ಣೆ ಒಳಗಿಳಿಯುತ್ತದೆ. ನಮ್ಮಮ್ಮ ಒಂದು ಚೂರು ಹಿಟ್ಟು ಬಿಟ್ಟು ನೋಡುತ್ತಿದ್ದಳು. ಅದು ತಕ್ಷಣ ಎದ್ದು ಬಂದರೆ ಮಾತ್ರ ಮೊದಲ ವಡೆ.

ಇದೇ ಬಾಣಲೆಯ ಬಗ್ಗೆ ಇನ್ನೊಂದು ವಿಷಯ, ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು. ನೀರು ಭಾರ, ಉರಿಯುವ ಎಣ್ಣೆಯ ಅಡಿಗೆ ಇಳಿಯುತ್ತದೆ. ಅಲ್ಲಿ ಒಮ್ಮೆಲೇ ಆವಿಯಾಗಿ ಉರಿಯುವ ಎಣ್ಣೆಯನ್ನು ಮುಖಕ್ಕೆ ಎರಚುತ್ತದೆ. ಗ್ಯಾಸ್ ಆರಿಸಿ, ದೊಡ್ಡ ತಟ್ಟೆ ಮುಚ್ಚಿ. ಗಾಳಿ ಸಿಗದೆ ಆರುತ್ತದೆ. ತಣ್ಣಗಾಗುವ ತನಕ ತಟ್ಟೆ ತೆಗೆಯಬೇಡಿ.

ಪ್ರಶ್ನೆ: ಮೇಡಂ, ಭತ್ತದ ಬಿತ್ತನೆ ಬೀಜವನ್ನು ಉಪ್ಪುನೀರಿಗೆ ಹಾಕಿ ಜೊಳ್ಳು ತೆಗೀಬೇಕು, ಮೊಟ್ಟೆ ತೇಲೋ ತನಕ ಉಪ್ಪು ಹಾಕಬೇಕು ಅಂತ ಹೇಳಿಕೊಟ್ಟಿದ್ದರು. ಎರಡು ಹಿಡಿ ಉಪ್ಪಿಗೇ ಮೊಟ್ಟೆ ತೇಲಿಬಿಡ್ತು. ಜೊಳ್ಳು ಮಾತ್ರ ಸರಿಯಾಗಿ ಬೇರೆಯಾಗಲಿಲ್ಲ.
(ರೈತರು, ಮಳವಳ್ಳಿ ತಾಲೂಕು)

ಉತ್ತರ: ಅಣ್ಣಾ, ನಿಮ್ಮ ಮೊಟ್ಟೆ ಹಳೆಯದು. ಎಷ್ಟು ದಿನದ್ದು ಅಂತ ನೀವು ಬರೆದಿಲ್ಲ, ಆದರೆ ಎರಡು ಹಿಡಿಗೆ ತೇಲಿತು ಅಂದರೆ ಬೇರೆ ಕಾರಣ ನನಗೆ ಕಾಣುವುದಿಲ್ಲ. ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ದಿನ ಕಳೆದ ಹಾಗೆ ಒಳಗಿನ ಪಸೆ ಹೊರಗೆ ಹೋಗುತ್ತದೆ, ದಪ್ಪ ತುದಿಯಲ್ಲಿ ಗಾಳಿ ತುಂಬುತ್ತದೆ. ಗಾತ್ರ ಅಷ್ಟೇ, ತೂಕ ಕಡಿಮೆ. ತೀರಾ ಹಳೆಯ ಮೊಟ್ಟೆ ಬರೀ ನೀರಿನಲ್ಲೇ ತೇಲುತ್ತದೆ. ನಿಮ್ಮ ಮೊಟ್ಟೆ ನೀರಿನ ಹದವನ್ನು ನಿಮಗೆ ತಪ್ಪಾಗಿ ತೋರಿಸಿದೆ.

ಅವತ್ತೇ ಇಟ್ಟ ಮೊಟ್ಟೆ ತನ್ನಿ. ಮೊದಲು ಬರೀ ನೀರಿಗೆ ಬಿಟ್ಟು ನೋಡಿ, ತಳದಲ್ಲಿ ಅಡ್ಡ ಮಲಗಬೇಕು. ಆಮೇಲೆ ಉಪ್ಪು ಹಾಕುತ್ತಾ ಚೆನ್ನಾಗಿ ಕದಡಿ. ಉಪ್ಪು ಕರಗಿದ ಹಾಗೆ ನೀರು ತೂಕವಾಗುತ್ತದೆ, ಮೊಟ್ಟೆ ಎದ್ದು ನಿಲ್ಲುತ್ತದೆ, ಕೊನೆಗೆ ತೇಲುತ್ತದೆ. ಹಳೇ ನಾಲ್ಕಾಣೆ ನಾಣ್ಯದಷ್ಟು ಅಗಲ ನೀರಿನ ಮೇಲೆ ಕಂಡರೆ ಹದ ಸಿಕ್ಕಿತು ಅಂತ. ಹತ್ತು ಲೀಟರ್ ನೀರಿಗೆ ಒಂದರಿಂದ ಒಂದೂವರೆ ಕೆ.ಜಿ. ಉಪ್ಪು ಬೇಕಾಗುತ್ತದೆ. ಎರಡು ಹಿಡಿಯಲ್ಲಿ ಮುಗಿಯುವ ಕೆಲಸವಲ್ಲ. ಮೊಟ್ಟೆ ತೆಗೆದು ಭತ್ತ ಸುರಿದು ಕೈಯಾಡಿಸಿ. ಬರೀ ನೀರಿನಲ್ಲಿ ಪೂರಾ ಜೊಳ್ಳು ಮಾತ್ರ ತೇಲುತ್ತದೆ. ಅರ್ಧ ತುಂಬಿದ ಕಾಳು ನೀರಿಗಿಂತ ಒಂಚೂರು ಭಾರ, ಗಟ್ಟಿ ಕಾಳಿನ ಜೊತೆ ತಳಕ್ಕೆ ಹೋಗಿಬಿಡುತ್ತದೆ. ಉಪ್ಪುನೀರು ಅದನ್ನೂ ಮೇಲೆತ್ತುತ್ತದೆ. ಅದಕ್ಕೇ ಇಷ್ಟೆಲ್ಲ ಮಾಡುವುದು.

ತಳದ ಗಟ್ಟಿ ಬೀಜವನ್ನು ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆದೇ ಒಟ್ಲಿಗೆ ಬಿಡಿ. ಉಪ್ಪು ಉಳಿದರೆ ಮೊಳಕೆಗೆ ಪೆಟ್ಟು. ಉಪ್ಪುನೀರನ್ನು ಗದ್ದೆಗೆ ಚೆಲ್ಲಬೇಡಿ.

ಪ್ರಶ್ನೆ: ನೀರಿನಲ್ಲಿ ಮುಳುಗುವ ಮರ ಇದೆಯಾ?
(ಮಂಡ್ಯ)

ಉತ್ತರ: ಇದೆ. ಕರಿಮರದ ತಿರುಳು ಮುಳುಗುತ್ತದೆ, ರಕ್ತಚಂದನದ ತಿರುಳೂ ಮುಳುಗುತ್ತದೆ. ಇನ್ನೂ ಹೇಳಬೇಕೆಂದರೆ, ಯಾವ ಮರವಾದರೂ ಗಾಳಿ ಬಿಟ್ಟು ಬರೀ ಮರದ ನಾರನ್ನಷ್ಟೇ ತೂಗಿದರೆ ಅದು ನೀರಿನ ಒಂದೂವರೆ ಪಟ್ಟು ಭಾರ. ತೇಗವೂ ಅಷ್ಟೇ, ಮಾವೂ ಅಷ್ಟೇ. ಅವು ತೇಲುವುದು ಒಳಗಿನ ಸಣ್ಣ ಸಣ್ಣ ಗೂಡುಗಳಲ್ಲಿ ಗಾಳಿ ಇರುವುದರಿಂದ. ಕೆರೆಯಲ್ಲಿ ವರ್ಷಗಟ್ಟಲೆ ಬಿದ್ದ ದಿಮ್ಮಿಯ ಗೂಡುಗಳಿಗೆ ನೀರು ತುಂಬಿಕೊಂಡು ಕೊನೆಗೆ ಅದೂ ತಳ ಸೇರುತ್ತದೆ.

ಪ್ರಶ್ನೆ: ಸೂಜಿಯನ್ನು ಹುಷಾರಾಗಿ ಅಡ್ಡ ಇಟ್ಟರೆ ತೇಲುತ್ತೆ. ಸ್ಟೀಲ್ ಸೂಜಿ ನೀರಿಗಿಂತ ಭಾರ ತಾನೇ?
(ಹುಣಸೂರು)

ಉತ್ತರ: ಭಾರವೇ. ಅದು ತೇಲುತ್ತಿಲ್ಲ, ನೀರಿನ ಮೈಮೇಲೆ ಮಲಗಿದೆ. ನೀರಿನ ಮೇಲ್ಮೈ ಬಿಗಿದ ತೆಳು ಬಟ್ಟೆಯ ಹಾಗೆ ನಡೆದುಕೊಳ್ಳುತ್ತದೆ. ಹತ್ತಿರದಿಂದ ನೋಡಿ, ಸೂಜಿಯ ಕೆಳಗೆ ನೀರು ಸಣ್ಣಗೆ ತಗ್ಗಿರುತ್ತದೆ. ಒಂದು ಹನಿ ಸೋಪಿನ ನೀರು ಬಿಟ್ಟರೆ ಬಿಗಿ ಸಡಿಲವಾಗಿ ಸೂಜಿ ತಳಕ್ಕೆ ಹೋಗುತ್ತದೆ.

ಪ್ರಶ್ನೆ: ರಾಮೇಶ್ವರದಿಂದ ತಂದ ಕಲ್ಲು ನೀರಿನಲ್ಲಿ ತೇಲುತ್ತದೆ. ದೇವರ ಮನೆಯಲ್ಲಿ ಇಟ್ಟಿದ್ದೇವೆ. ಮೊಮ್ಮಗ ಕಾರಣ ಕೇಳುತ್ತಾನೆ.
(ಹಿರಿಯರು, ಮೇಲುಕೋಟೆ)

ಉತ್ತರ: ಕಲ್ಲು ದೇವರ ಮನೆಯಲ್ಲೇ ಇರಲಿ. ಮೊಮ್ಮಗನ ಕೈಗೆ ಒಂದು ಭೂತಕನ್ನಡಿ ಕೊಡಿ. ಕಲ್ಲಿನ ತುಂಬ ತೂತು ಕಾಣಿಸುತ್ತದೆ. ಜ್ವಾಲಾಮುಖಿಯಿಂದ ಬರುವ ಪ್ಯೂಮಿಸ್ ಅನ್ನುವ ಕಲ್ಲು ಹೀಗೇ ಇರುತ್ತದೆ. ಕುದಿಯುವ ಕಲ್ಲಿನ ರಸ ನೊರೆಯುಕ್ಕಿ, ನೊರೆಯಾಗಿದ್ದ ಹಾಗೆಯೇ ಗಟ್ಟಿಯಾದದ್ದು ಅದು. 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವ ಜ್ವಾಲಾಮುಖಿ ಸಿಡಿದಾಗ ಇಂಥ ಕಲ್ಲುಗಳು ಹಾಸಿನ ಹಾಗೆ ಸಮುದ್ರದ ಮೇಲೆ ತೇಲಿಕೊಂಡು ಆಫ್ರಿಕಾದ ದಡದ ತನಕ ಹೋದವು. ಒಳಗೆ ತೂತು ತುಂಬಿದ ಕೆಲವು ಹವಳದ ಕಲ್ಲುಗಳೂ ತೇಲುತ್ತವೆ. ಚಾಮುಂಡಿ ಬೆಟ್ಟದ ಕಲ್ಲಿನಲ್ಲಿ ಅಂಥ ತೂತುಗಳಿಲ್ಲ, ಅದು ನೀರಿನ ಎರಡೂವರೆ ಪಟ್ಟಿಗೂ ಹೆಚ್ಚು ಭಾರ.

ಪ್ರಶ್ನೆ: ಬದುಕಿರುವ ಮನುಷ್ಯ ಮುಳುಗುತ್ತಾನೆ, ಸತ್ತ ಮೇಲೆ ತೇಲುತ್ತಾನೆ ಅನ್ನುತ್ತಾರೆ. ಇದು ಹೇಗೆ? ನಮ್ಮ ಮನೆ ನಾಲೆ ಪಕ್ಕದಲ್ಲೇ ಇದೆ. ಮಗನಿಗೆ ಹನ್ನೊಂದು ವರ್ಷ, ಈಜು ಬರೋದಿಲ್ಲ.
(ತಾಯಿಯೊಬ್ಬರು, ಮಂಡ್ಯ ತಾಲೂಕು)

ಉತ್ತರ: ಈ ಕಾಗದ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ ತಾಯಿ. ಸತ್ತ ಮೇಲೆ ತೇಲುವುದಕ್ಕೆ ಕಾರಣ ಚಿಕ್ಕದು. ಒಂದೆರಡು ದಿನ ಕಳೆದ ಮೇಲೆ ದೇಹದೊಳಗೆ ಗಾಳಿ ಹುಟ್ಟಿ ಹೊಟ್ಟೆ ಉಬ್ಬುತ್ತದೆ. ತೂಕ ಅಷ್ಟೇ ಇದ್ದು ಗಾತ್ರ ಹೆಚ್ಚುತ್ತದೆ. ಇಲ್ಲಿಗೆ ಆ ಮಾತು ಬಿಡೋಣ. ಬದುಕಿರುವವರ ಲೆಕ್ಕ ನೋಡೋಣ, ಅದರಿಂದ ಜೀವ ಉಳಿಯುತ್ತದೆ.

ಮನುಷ್ಯನ ಮೈ ಹೆಚ್ಚುಕಡಿಮೆ ನೀರಿನಷ್ಟೇ ಭಾರ. ಎದೆ ತುಂಬ ಉಸಿರು ಎಳೆದುಕೊಂಡರೆ ಹೆಚ್ಚಿನವರು ನೀರಿಗಿಂತ ಒಂದು ಕೂದಲೆಳೆ ಹಗುರ, ಉಸಿರು ಬಿಟ್ಟರೆ ಒಂದು ಕೂದಲೆಳೆ ಭಾರ. ಉಸಿರು ಹಿಡಿದು ಅಂಗಾತ ಮಲಗಿದರೆ ಮುಖದಷ್ಟು ಭಾಗ ನೀರಿನ ಮೇಲೆ ಉಳಿಯುತ್ತದೆ. ಆದರೆ ಗಾಬರಿಯಾದವರು ಏನು ಮಾಡುತ್ತಾರೆ? ಕೂಗುತ್ತಾರೆ, ಎದೆಯ ಗಾಳಿ ಖಾಲಿಯಾಗುತ್ತದೆ. ಕೈ ಎರಡೂ ಮೇಲೆತ್ತುತ್ತಾರೆ. ದೊಡ್ಡವರ ಒಂದೊಂದು ಕೈಯೂ ಮೂರು ಕೆ.ಜಿ. ಆಸುಪಾಸು ಇರುತ್ತದೆ. ನೀರೊಳಗಿದ್ದಾಗ ಆ ತೂಕವನ್ನು ನೀರೇ ಹೊತ್ತಿತ್ತು, ಬಾವಿಯ ಕೊಡದ ಹಾಗೆ. ಕೈ ಮೇಲೆ ಬಂದ ಕೂಡಲೇ ಆ ಭಾರವೆಲ್ಲ ತಲೆಯನ್ನು ಕೆಳಕ್ಕೆ ತಳ್ಳುತ್ತದೆ. ಮಗನಿಗೆ ಇದನ್ನು ಈಗಲೇ ಹೇಳಿ: ಬಿದ್ದರೆ ಕೈ ನೀರೊಳಗೇ ಇರಲಿ, ತಲೆ ಹಿಂದಕ್ಕೆ, ಬಾಯಿ ಆಕಾಶಕ್ಕೆ.

ಬಲಮುರಿಯಂಥ ಕಡೆ, ಕಟ್ಟೆಯ ಮೇಲಿಂದ ನೀರು ಬೀಳುವಲ್ಲಿ ಬಿಳೀ ನೊರೆ ಇರುತ್ತದೆ. ನೋಡಲು ಚೆಂದ. ಆದರೆ ನೊರೆ ಅಂದರೆ ಅರ್ಧಂಬರ್ಧ ಗಾಳಿ. ಅಂಥ ನೀರು ಹಗುರ, ಅದಕ್ಕೆ ಮನುಷ್ಯನನ್ನು ಎತ್ತುವ ಬಲ ಕಡಿಮೆ. ಒಳ್ಳೆಯ ಈಜುಗಾರರೂ ಅಲ್ಲಿ ಕುಸಿಯುತ್ತಾರೆ. ನೊರೆಯ ಹತ್ತಿರಕ್ಕೆ ಯಾರನ್ನೂ ಬಿಡಬೇಡಿ.

ಮಗನಿಗೆ ಈಜು ಕಲಿಸಿ. ನಮ್ಮಣ್ಣ ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸಿದ್ದ. ಮೂರು ಲೀಟರಿನ ಬುರುಡೆ ಅಂದರೆ ಹತ್ತಿರ ಹತ್ತಿರ ಮೂರು ಕೆ.ಜಿ. ಆಸರೆ, ಹತ್ತು ವರ್ಷದ ಹುಡುಗಿಯ ಗಲ್ಲ ನೀರಿನ ಮೇಲಿರಲು ಅಷ್ಟು ಸಾಕಾಗಿತ್ತು. ಅಣ್ಣನೂ ನೀರಿನಲ್ಲೇ, ಕೈಗೆಟುಕುವಷ್ಟು ಹತ್ತಿರ ಇದ್ದ. ಈಗ ಬುರುಡೆ ಸಿಗದಿದ್ದರೂ ಕಲಿಸುವವರು ಸಿಗುತ್ತಾರೆ, ಮೈಸೂರು, ಮಂಡ್ಯದಲ್ಲಿ ಈಜುಕೊಳಗಳಿವೆ. ನಾಲೆಯಲ್ಲಿ ಮಾತ್ರ ಕಲಿಸಬೇಡಿ. ಅಲ್ಲಿ ಸೆಳೆತ ಜಾಸ್ತಿ, ದಂಡೆ ಜಾರುತ್ತದೆ, ಹತ್ತಲು ಹಿಡಿಗೆ ಏನೂ ಸಿಗುವುದಿಲ್ಲ.

ಅಲ್ಲಿಯ ತನಕ ಒಂದು ಕೆಲಸ ಮಾಡಿ. ಅಡುಗೆ ಎಣ್ಣೆಯ ಐದು ಲೀಟರ್ ಖಾಲಿ ಕ್ಯಾನ್ ಇರುತ್ತದಲ್ಲ, ಅದನ್ನು ತೊಳೆದು ಮುಚ್ಚಳ ಬಿಗಿಯಾಗಿ ತಿರುಗಿಸಿ. ಹಿಡಿಕೆಗೆ ಇಪ್ಪತ್ತೈದು ಅಡಿ ಹಗ್ಗ ಕಟ್ಟಿ. ದೊಡ್ಡವರ ತಲೆಯ ತೂಕ ಐದು ಕೆ.ಜಿ. ಒಳಗೇ ಇರುತ್ತದೆ, ಕ್ಯಾನಿನ ಆಸರೆಯೂ ಸುಮಾರು ಅಷ್ಟೇ. ಎದೆಗೆ ಅವುಚಿಕೊಂಡರೆ ಮೂಗು, ಬಾಯಿ ನೀರಿನಿಂದ ಮೇಲೆ ಉಳಿಯುತ್ತದೆ. ತುಂಬಾ ಹಗುರ ಇದ್ದರೆ ಗಾಳಿಗೆ ದೂರ ಹೋಗುವುದಿಲ್ಲ, ಅದಕ್ಕೇ ಎಸೆಯಲು ಬರುವಷ್ಟು ಭಾರ ಬರಲಿ ಅಂತ ಒಳಗೆ ಒಂದು ಲೋಟ ನೀರು ಬಿಡಿ. ಯಾರಾದರೂ ಬಿದ್ದರೆ ನೀವು ಹಾರಬೇಡಿ, ಹಗ್ಗದ ತುದಿಯನ್ನು ಕಾಲಡಿ ಒತ್ತಿ ಹಿಡಿದು ಕ್ಯಾನ್ ಎಸೆಯಿರಿ. ಹಿತ್ತಿಲ ಬಾಗಿಲ ಪಕ್ಕ, ಮಗನ ಕೈಗೂ ಸಿಗುವ ಎತ್ತರದಲ್ಲಿ ಮೊಳೆ ಹೊಡೆದು ನೇತುಹಾಕಿ. ಬಟ್ಟೆ ಒಣಗಿಸಲು ಬೇಕು ಅಂತ ಯಾರೂ ಆ ಹಗ್ಗ ಬಿಚ್ಚದ ಹಾಗೆ ನೋಡಿಕೊಳ್ಳಿ.